ನಿಮ್ಮಜ್ಜ ನಮ್ಮಜ್ಜನ ಪಗಾರ ತಿಂದರಾ?

ದಕ್ಕೆ ಮೇಲಿನ ಮಾತು: ಹಡಗು, ಬಂದರು, ಖಲಾಸಿಗಳ ಬಗ್ಗೆ ಓದುಗರ ಪ್ರಶ್ನೆಗಳಿಗೆ ಕುಮಟೆಯ ನಿವೃತ್ತ ಹಡಗು ಗುಮಾಸ್ತರ ಉತ್ತರ

ಪ್ರಶ್ನೆ: ಹೋದ ತಿಂಗಳು ನಿಮ್ಮ ಅಜ್ಜನ ಬಗ್ಗೆ ಬರೆದಿದ್ದಿರಿ. ಬ್ರಿಟಿಷರ ಕಾಲದಲ್ಲಿ ಅವರು ಮುಂಬೈ ಬಂದರಿನಲ್ಲಿ ಖಲಾಸಿಗಳಿಗೆ ಪಗಾರ ಬಟವಾಡೆ ಮಾಡುವ ಗುಮಾಸ್ತರಾಗಿದ್ದರು ಎಂದು ಹೆಮ್ಮೆಪಟ್ಟಿರಿ. ನನ್ನ ಅಜ್ಜ ಅದೇ ಮುಂಬೈಯಿಂದ ಆಗಬೋಟು (ಉಗಿಹಡಗು) ಹತ್ತಿದ ಖಲಾಸಿ, ಅಂದರೆ ಹಡಗಿನ ಆಳು. 1927ರಲ್ಲಿ ಹನ್ನೊಂದು ತಿಂಗಳು ಚಿಲ್ಲರೆ ದುಡಿದು ಊರಿಗೆ ಬಂದಾಗ ಅವರ ಕೈಯಲ್ಲಿ ಇದ್ದದ್ದು ನಲವತ್ತು ರೂಪಾಯಿ. "ಬಂದರಿನ ಗುಮಾಸ್ತ ತಿಂದ" ಎಂದು ನಮ್ಮಜ್ಜಿ ಸಾಯುವ ತನಕ ಹೇಳುತ್ತಿದ್ದಳು. ಮನೆಯ ಪೆಟ್ಟಿಗೆಯಲ್ಲಿ ಸಿಕ್ಕ ಪಗಾರದ ಚೀಟಿಯ ಜೆರಾಕ್ಸ್ ಇಟ್ಟಿದ್ದೇನೆ. ನಿಮ್ಮಜ್ಜನಂಥವರೇ ಅಲ್ವಾ ತಿಂದದ್ದು? ನೇರವಾಗಿ ಉತ್ತರ ಕೊಡಿ.
(ನಿವೃತ್ತ ಶಾಲಾ ಮಾಸ್ತರರು, ಹೊನ್ನಾವರ ತಾಲೂಕು)

ಉತ್ತರ: ಮಾಸ್ತರ್ರೇ, ನಿಮ್ಮ ಪತ್ರ ಓದಿ ಮೊದಲು ಸಿಟ್ಟು ಬಂತು. ಹೆಂಡತಿ, "ಕೇಳಿದ್ರಲ್ಲಿ ತಪ್ಪೇನಿದೆ?" ಅಂದಳು. ಚಹಾ ಕುಡಿದು ಕನ್ನಡಕ ಒರೆಸಿಕೊಂಡು ಜೆರಾಕ್ಸ್ ನೋಡಿದೆ. ಮೂವತ್ತನಾಲ್ಕು ವರ್ಷ ಮುಂಬೈಯ ಬಲ್ಲಾರ್ಡ್ ಎಸ್ಟೇಟಿನ ಒಂದು ಹಡಗು ಏಜೆನ್ಸಿಯಲ್ಲಿ ಇಂಥ ಚೀಟಿ ಬರೆದೇ ಹೊಟ್ಟೆ ಹೊರೆದವನು ನಾನು. ಅಜ್ಜನ ಮೇಜು ಒಂದು ಏಜೆನ್ಸಿಯಲ್ಲಿ, ನನ್ನ ಮೇಜು ಇನ್ನೊಂದರಲ್ಲಿ. ಕೆಲಸ ಮಾತ್ರ ಒಂದೇ. ಹಾಗಾಗಿ ಚೀಟಿಯ ಭಾಷೆ ನನಗೆ ಗೊತ್ತು.

ನಿಮ್ಮ ಚೀಟಿ ಹೇಳುವುದು ಇಷ್ಟು. ತಿಂಗಳಿಗೆ 22 ರೂಪಾಯಿಯಂತೆ 11 ತಿಂಗಳು 9 ದಿನ. ಒಟ್ಟು 248 ರೂಪಾಯಿ 9 ಆಣೆ 7 ಪೈ. ಅದರಲ್ಲಿ ಕಳೆದದ್ದು: ಹತ್ತುವಾಗ ಕೊಟ್ಟ ಒಂದು ತಿಂಗಳ ಮುಂಗಡ 22. ಪರದೇಶದ ಬಂದರುಗಳಲ್ಲಿ ಕೈಖರ್ಚಿಗೆ ತೆಗೆದದ್ದು 31 ರೂಪಾಯಿ 8 ಆಣೆ. ಹಡಗಿನ ಅಂಗಡಿಯಲ್ಲಿ ತಂಬಾಕು, ಸಾಬೂನು, ಒಂದು ಕಂಬಳಿ, ಎಲ್ಲ ಸೇರಿ 17 ರೂಪಾಯಿ 6 ಆಣೆ. ಜುಲ್ಮಾನೆ 5. ಉಳಿದದ್ದು 172 ರೂಪಾಯಿ 11 ಆಣೆ 7 ಪೈ. ಅದರ ಕೆಳಗೆ ನಿಮ್ಮಜ್ಜನ ಎಡಗೈ ಹೆಬ್ಬೆಟ್ಟು. ಜೆರಾಕ್ಸಿನಲ್ಲೂ ಗೆರೆ ಕಾಣುತ್ತದೆ. ನಡುವೆ ಅಡ್ಡಡ್ಡ ಒಂದು ಬಿಳಿ ಗೀರು ಇದೆ. ಹಗ್ಗ ಎಳೆದು ಎಳೆದು ಆದ ಗಾಯದ ಗುರುತು ಇರಬೇಕು. ಖಲಾಸಿಗಳ ಹೆಬ್ಬೆಟ್ಟಿನಲ್ಲಿ ಅದನ್ನು ಬಹಳ ನೋಡಿದ್ದೇನೆ.

ಅಂದರೆ ಕಾಗದದ ಪ್ರಕಾರ ಮೇಜಿನ ಮೇಲೆ 172 ಚಿಲ್ಲರೆ ಬಂದಿದೆ, ಮನೆಗೆ 40 ಬಂದಿದೆ. ನಡುವೆ 132 ರೂಪಾಯಿ ಮಾಯ. "ಗುಮಾಸ್ತ ಹೆಬ್ಬೆಟ್ಟು ಒತ್ತಿಸಿಕೊಂಡು ದುಡ್ಡು ಕೊಡಲೇ ಇಲ್ಲ" ಎಂಬುದು ಅಜ್ಜಿಯ ವಾದ. ಆ ಕಾಲದಲ್ಲಿ ಅದು ಎಷ್ಟು ಕಷ್ಟ ಇತ್ತು ಅನ್ನುವುದನ್ನು ಮೊದಲು ಹೇಳುತ್ತೇನೆ. ತಪ್ಪೊಪ್ಪಿಗೆ ಆಮೇಲೆ.

1859ರ ಕಾಯ್ದೆಯಿಂದಲೇ ನಮ್ಮ ದೊಡ್ಡ ಬಂದರುಗಳಿಗೆ ಷಿಪ್ಪಿಂಗ್ ಮಾಸ್ಟರ್ ಎಂಬ ಸರ್ಕಾರಿ ಅಧಿಕಾರಿ ಬಂದ. ಖಲಾಸಿ ಹಡಗಿಗೆ ಸೇರುವ ಕರಾರು ಆಗುವುದು ಅವನ ಮುಂದೆ, ಇಳಿದು ಪಗಾರ ತೆಗೆದುಕೊಳ್ಳುವುದೂ ಅವನ ಮುಂದೆ. ಹಡಗು ಬಂದ ಮೇಲೆ ನಮ್ಮಜ್ಜನಂಥ ಏಜೆನ್ಸಿ ಗುಮಾಸ್ತರು ದುಡ್ಡಿನ ಪೆಟ್ಟಿಗೆ ಹೊತ್ತುಕೊಂಡು ಅಲ್ಲಿಗೆ ಹೋಗಬೇಕು. ಸಾಲಾಗಿ ನಿಂತ ಜನ. ಮೊದಲು ಖಲಾಸಿಗಳ ಯಜಮಾನ ಸಾರಂಗ, ಆಮೇಲೆ ಅವನ ಕೈಕೆಳಗಿನ ತಾಂಡೇಲ, ಆಮೇಲೆ ಉಳಿದವರು. ಹೆಸರು ಕೂಗುವುದು, ಲೆಕ್ಕ ಓದುವುದು, ಎಣಿಸಿ ಕೊಡುವುದು, ಹೆಬ್ಬೆಟ್ಟು. ಇಂಗ್ಲೆಂಡಿನ 1894ರ ಕಾಯ್ದೆ ಇನ್ನೂ ಬಿಗಿ. ಲೆಕ್ಕದ ಚೀಟಿ ಪಗಾರಕ್ಕೆ ಒಂದು ದಿನ ಮೊದಲೇ ನಾವಿಕನ ಕೈ ಸೇರಬೇಕು. ಚೀಟಿಯಲ್ಲಿ ಬರೆಯದ ಕಡಿತ ಹಿಡಿಯುವ ಹಾಗಿಲ್ಲ. ಪರದೇಶಕ್ಕೆ ಹೋಗುವ ಹಡಗಿನವರು ಸುಮ್ನೆ ತಡ ಮಾಡಿದರೆ ಲೆಕ್ಕ ಚುಕ್ತಾ ಆಗುವ ತನಕ ಪಗಾರ ಏರುತ್ತಲೇ ಹೋಗುತ್ತದೆ. ಅಧಿಕಾರಿಯ ಕಣ್ಣೆದುರು, ಅರವತ್ತು ಜನ ನೋಡುತ್ತಿರುವಾಗ 132 ರೂಪಾಯಿ ಹೊಡೆಯಲು ಗುಂಡಿಗೆ ಬೇಕು ಮಾರಾಯರೇ. ನಮ್ಮಜ್ಜನಿಗೆ ಅಷ್ಟು ಗುಂಡಿಗೆ ಇರಲಿಲ್ಲ. ಹಲ್ಲಿ ಕಂಡರೂ ಹೆದರುತ್ತಿದ್ದರು.

ಹಾಗಾದರೆ ದುಡ್ಡು ಎಲ್ಲಿ ಹೋಯಿತು? ಆ ಕೋಣೆಯ ಬಾಗಿಲು ದಾಟಿ ನೋಡಿ. ಹೊರಗೆ ಬೀದಿಯಲ್ಲಿ ಮೂರು ಜನ ಕಾಯುತ್ತಿದ್ದರು.

ಒಬ್ಬ ಸಾರಂಗ, ಇಲ್ಲವೇ ಸಾರಂಗನ ಮೇಲಿನ ದಲ್ಲಾಳಿ. ಖಲಾಸಿಯನ್ನು ಹಡಗಿಗೆ ಆರಿಸುವವನು ಕಪ್ತಾನ ಅಂದುಕೊಂಡಿರಾ? ಕಪ್ತಾನನಿಗೆ ಇವರ ಭಾಷೆ ಬರುತ್ತಿರಲಿಲ್ಲ. ತಂಡ ಕಟ್ಟಿ ತರುವವನು ಸಾರಂಗ. ಕೆಲಸ ಬೇಕಾದರೆ ಅವನ ಕೈ ಬಿಸಿ ಮಾಡಬೇಕು. ಮುಂಗಡವೇ ಎಷ್ಟೋ ಸಲ ಅಲ್ಲಿಗೇ ಹೋಗುತ್ತಿತ್ತು. ನಿಮ್ಮ ಚೀಟಿಯ ಮೊದಲ 22 ರೂಪಾಯಿ ನಿಮ್ಮಜ್ಜಿಯ ಕೈಗೆ ಬಂದಿತ್ತಾ, ಮನೆಯಲ್ಲಿ ಯಾರಿಗಾದರೂ ನೆನಪಿದೆಯಾ? ನನಗೆ ಅನುಮಾನ. ಹಡಗು ತಿರುಗಿ ಬಂದ ಮೇಲೆ ಇನ್ನೊಂದು ಪಾಲು. ಕೊಡದಿದ್ದರೆ ಮುಂದಿನ ಸಲ ಹೆಸರು ಕೂಗುವುದಿಲ್ಲ, ಅಷ್ಟೇ. ಕಲ್ಕತ್ತೆಯಲ್ಲಿ ಇದಕ್ಕೇ ಘಾಟ್ ಸಾರಂಗ ಎಂಬ ಬೇರೆ ಜಾತಿಯೇ ಇತ್ತು. ಅವನು ಹಡಗು ಹತ್ತುವುದಿಲ್ಲ. ದಡದಲ್ಲೇ ಕೂತು ತಿನ್ನುತ್ತಾನೆ.

ಎರಡನೆಯವನು ಖೋಲಿ ಮಾಲಿಕ. ಊರಿಂದ ಮುಂಬೈಗೆ ಬಂದ ತಕ್ಷಣ ಹಡಗು ಸಿಗುವುದಿಲ್ಲ. ಆರು ತಿಂಗಳು, ವರ್ಷ ಕಾಯಬೇಕು. ಕಾಯುವಷ್ಟು ದಿನ ಡೋಂಗ್ರಿಯಲ್ಲೋ ಮಸ್ಜಿದ್ ಬಂದರಿನ ಕಡೆಯೋ ಒಂದು ಖೋಲಿಯಲ್ಲಿ ಇಪ್ಪತ್ತು ಮೂವತ್ತು ಜನರ ಜೊತೆ ಚಾಪೆ. ಊಟ ಸಾಲದ ಮೇಲೆ. ಗೋವೆಯವರು ಈ ವಿಷಯದಲ್ಲಿ ಜಾಣರು. ಊರಿಗೊಂದು ಕ್ಲಬ್ಬು ಕಟ್ಟಿಕೊಂಡಿದ್ದರು, 'ಕೂಡ್' ಎಂದು ಹೆಸರು. ಅಲ್ಲಿ ತಮ್ಮೂರಿನವರಿಗೆ ಕಮ್ಮಿ ದುಡ್ಡಿಗೆ ಜಾಗ, ದೇವರ ಫೋಟೊ, ಪೆಟ್ಟಿಗೆ ಇಡಲು ಗೋಡೆ ಪಕ್ಕ ಸ್ಥಳ. ನಮ್ಮ ಕಡೆಯ ಖಲಾಸಿಗಳಿಗೆ ಅಂಥದ್ದು ಸಿಕ್ಕಿದ್ದು ಕಮ್ಮಿ.

ಮೂರನೆಯವನು ಬಡ್ಡಿಯವನು. ಅವನ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ.

ಇದು ಗುಟ್ಟಾಗಿಯೂ ಇರಲಿಲ್ಲ. 1920ರಲ್ಲಿ ಜಿನೋವಾದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ನಾವಿಕರಿಗಾಗಿಯೇ ಒಂದು ಸಮ್ಮೇಳನ ನಡೆಸಿತು. ಹಡಗಿನ ಕೆಲಸ ಕೊಡಿಸಲು ನಾವಿಕನಿಂದ ದುಡ್ಡು ತೆಗೆದುಕೊಳ್ಳುವ ದಂಧೆ ನಿಲ್ಲಬೇಕು ಎಂಬ ಒಪ್ಪಂದ ಅಲ್ಲಿ ಆಯಿತು. 1922ರಲ್ಲಿ ಭಾರತ ಸರ್ಕಾರ ನೇಮಿಸಿದ ಸಮಿತಿ ಕೂಡ ದಲ್ಲಾಳಿಗಳು ಹೋಗಲಿ, ಸರ್ಕಾರಿ ಬ್ಯೂರೋ ಬರಲಿ ಅಂದಿತು. ವರದಿ ಕಪಾಟು ಸೇರಿತು. ಮುಂಬೈ, ಕಲ್ಕತ್ತೆಗಳಲ್ಲಿ ನಾವಿಕರ ಉದ್ಯೋಗ ಕಚೇರಿ ತೆರೆದದ್ದು ಸ್ವಾತಂತ್ರ್ಯ ಬಂದ ಮೇಲೆ, 1950ರ ದಶಕದಲ್ಲಿ. ನಿಮ್ಮಜ್ಜ 1927ರಲ್ಲಿ ಇಳಿದದ್ದು ಸರಿಯಾಗಿ ಆ ನಡುವಿನ ಕಾಲದಲ್ಲಿ.

ಇನ್ನು ತಪ್ಪೊಪ್ಪಿಗೆ.

ನಿಮ್ಮ ಚೀಟಿಯ ಕೊನೆಯಲ್ಲಿ 7 ಪೈ ಇದೆ ನೋಡಿ. ಆ 7 ಪೈ ನಿಮ್ಮಜ್ಜನಿಗೆ ಸಿಕ್ಕಿರಲಿಕ್ಕಿಲ್ಲ. ಪ್ರಾಯಶಃ 11 ಆಣೆಯಲ್ಲೂ ಮೂರು ಹೋಗಿ ಅರ್ಧ ರೂಪಾಯಿ ಸಿಕ್ಕಿರಬಹುದು. "ಚಿಲ್ಲರೆ ಇಲ್ಲ." ಇಷ್ಟೇ ಮಂತ್ರ. ಅರವತ್ತು ಜನರ ಸಾಲಿನಲ್ಲಿ ಹಡಗು ಇಳಿದು ಮನೆಗೆ ಓಡುವ ಆತುರದಲ್ಲಿ ಇರುವವನು 7 ಪೈಗೆ ಜಗಳ ತೆಗೆಯುತ್ತಾನಾ?

ನಮ್ಮಜ್ಜನ ಹತ್ತಿರ ಒಂದು ತಂಬಾಕಿನ ಡಬ್ಬಿ ಇತ್ತು. ಹಳದಿ ತಗಡಿನದು, ಮುಚ್ಚಳದ ಮೇಲಿನ ಚಿತ್ರ ಉಜ್ಜಿ ಹೋಗಿ ಬರೀ ಒಂದು ಗಡ್ಡ ಉಳಿದಿತ್ತು. ಅವರು ತಂಬಾಕು ತಿನ್ನುತ್ತಿರಲಿಲ್ಲ. ಹುಡುಗನಾಗಿದ್ದಾಗ ಕೇಳಿದೆ, ಮತ್ತೆ ಇದು ಯಾಕೆ ಎಂದು. ಮುದುಕರು ನಾಚಿಕೆ ಬಿಟ್ಟು ಹೇಳಿದರು. ಬಟವಾಡೆಯ ದಿನ ಮೇಜಿನ ಕೆಳಗೆ ಕಾಲ ಹತ್ತಿರ ಅದು ಇರುತ್ತಿತ್ತು. ಉಳಿದ ಪೈಗಳು ಅದಕ್ಕೆ. ಸಂಜೆ ಪೈಗಳನ್ನು ಕಟ್ಟಿ ಪೇಟೆಯ ಕಿರಾಣಿಯವನಿಗೆ ಕೊಟ್ಟು ರೂಪಾಯಿ ಮಾಡಿಕೊಳ್ಳುವುದು. ನಾನು ಆಮೇಲೆ ಲೆಕ್ಕ ಹಾಕಿದ್ದೇನೆ. ತಲೆಗೆ ಸರಾಸರಿ ಆರು ಪೈ ಹಿಡಿದರೆ ಅರವತ್ತು ಜನಕ್ಕೆ 360 ಪೈ. ಆಣೆಗೆ ಹನ್ನೆರಡು ಪೈ, ಮೂವತ್ತು ಆಣೆ. ರೂಪಾಯಿಗೆ ಹದಿನಾರು ಆಣೆ, ಅಂದರೆ ಎರಡು ರೂಪಾಯಿಗೆ ಎರಡಾಣೆ ಕಮ್ಮಿ. ತಿಂಗಳಿಗೆ ನಾಲ್ಕೈದು ಹಡಗು. "ಆಣೆ ಮುಟ್ಟಲಿಲ್ಲ, ಪೈ ಮಾತ್ರ" ಎಂದು ಅಜ್ಜ ಎರಡು ಸಲ ಹೇಳಿದರು. ಎರಡು ಸಲ ಹೇಳಿದ್ದಕ್ಕೇ ನನಗೆ ಅನುಮಾನ.

1957ರ ಏಪ್ರಿಲ್ 1ಕ್ಕೆ ಆಣೆ, ಪೈಗಳ ಲೆಕ್ಕ ಹೋಗಿ ನಯಾ ಪೈಸೆ ಬಂತಲ್ಲ, ಆ ದಿನ ಅಜ್ಜ ಜಗಲಿಯಲ್ಲಿ ಕೂತು ಹೊಸ ನಾಣ್ಯ ತಿರುಗಿಸಿ ನೋಡಿ, "ಗುಮಾಸ್ತರ ಹೊಟ್ಟೆ ಮೇಲೆ ಹೊಡೆದರು" ಅಂದರಂತೆ. ನಮ್ಮಮ್ಮ ಹೇಳುತ್ತಿದ್ದ ಮಾತು.

ಹಾಗಾಗಿ ಮಾಸ್ತರ್ರೇ, ನೇರ ಉತ್ತರ: 132 ರೂಪಾಯಿ ತಿಂದದ್ದು ಗುಮಾಸ್ತ ಅಂತ ನಿಮ್ಮ ಚೀಟಿ ಹೇಳುವುದಿಲ್ಲ. 7 ಪೈ ತಿಂದದ್ದು ಬಹುತೇಕ ಅವನೇ. ಆದರೆ ಹೊರಗೆ ನಿಂತ ಮೂವರು ಯಾರಿಗಾಗಿ ಕಾಯುತ್ತಿದ್ದಾರೆ ಎಂದು ಒಳಗೆ ಕೂತ ಗುಮಾಸ್ತನಿಗೆ ಚೆನ್ನಾಗಿ ಗೊತ್ತಿತ್ತು. ಯಾವ ಹಡಗು ಯಾವ ದಿನ ಬಟವಾಡೆ ಎಂಬ ಸುದ್ದಿ ಅವರಿಗೆ ಮುಟ್ಟುತ್ತಿದ್ದದ್ದೂ ಕಚೇರಿಯಿಂದಲೇ. ಆ ಸುದ್ದಿಗೂ ಒಂದು ಬೆಲೆ ಇದ್ದಿರಬೇಕು. ಅಜ್ಜನನ್ನು ಅದನ್ನು ಕೇಳುವ ಬುದ್ಧಿ ನನಗೆ ಬಂದದ್ದು ಅವರು ಹೋದ ಮೇಲೆ.

ಪ್ರಶ್ನೆ: ಲಸ್ಕರ್, ಖಲಾಸಿ, ಸಾರಂಗ, ತಾಂಡೇಲ: ಇವೆಲ್ಲ ಒಂದೇನಾ? ಬಿಳಿಯ ನಾವಿಕರಿಗೂ ಇವರಿಗೂ ಪಗಾರದಲ್ಲಿ ಎಷ್ಟು ವ್ಯತ್ಯಾಸ ಇತ್ತು?
(ಇತಿಹಾಸ ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಒಂದೇ ಅಲ್ಲ ತಂಗಿ. ಲಸ್ಕರ್ ಅನ್ನುವುದು ಇಂಗ್ಲಿಷರು ಎಲ್ಲರಿಗೂ ಸೇರಿಸಿ ಇಟ್ಟ ಹೆಸರು. ಲಷ್ಕರ್ ಎಂಬ ಫಾರಸಿ ಮಾತು, ಪೋರ್ತುಗೀಸರ ಬಾಯಿಂದ ತಿರುಗಿ ಬಂದದ್ದು. ಹಡಗಿನ ಒಳಗೆ ಒಬ್ಬೊಬ್ಬರಿಗೆ ಒಂದೊಂದು ಹೆಸರು. ಡೆಕ್ಕಿನ ಮೇಲೆ ಸಾರಂಗ ಯಜಮಾನ, ಅವನ ಕೆಳಗೆ ತಾಂಡೇಲ. ಚುಕ್ಕಾಣಿ ಹಿಡಿಯುವವನು ಸುಕಾಣಿ. ಸಾಮಾನು ಕೋಣೆಯವನು ಕಸಬ. ಅಡುಗೆಯವನು ಭಂಡಾರಿ. ಗುಡಿಸುವವನು ಟೋಪಾಸ್. ಕೆಳಗೆ ಎಂಜಿನ್ ಕೋಣೆಗೆ ಬೇರೆ ಸಾರಂಗ. ಅಲ್ಲಿ ಬೆಂಕಿ ಹಾಕುವವನು ಆಗವಾಲ, ಕಲ್ಲಿದ್ದಲು ಹೊರುವವನು ಕೋಯ್ಲಾವಾಲ, ಎಣ್ಣೆ ಹಾಕುವವನು ತೇಲ್‌ವಾಲ. ನಮ್ಮ ಉತ್ತರ ಕನ್ನಡದಲ್ಲಿ ಆಗಬೋಟು ಅನ್ನುತ್ತೇವಲ್ಲ, ಆ ಆಗ್ ಇದೇ. ಕಾರವಾರದ ಕಡೆ ತಾಂಡೇಲ ಅನ್ನುವುದು ಮನೆತನದ ಹೆಸರಾಗಿಯೂ ನಿಂತಿದೆ.

ಪಗಾರ ಎಂದರೆ, ಬಿಳಿಯನಿಗೆ ಸಿಗುವುದರಲ್ಲಿ ಮೂರನೇ ಒಂದು, ಕೆಲವೊಮ್ಮೆ ಐದನೇ ಒಂದು ಪಾಲು. ಅದೇ ಹಡಗು, ಅದೇ ಬಿರುಗಾಳಿ. ಮಲಗುವ ಜಾಗವೂ ಹಾಗೆಯೇ. ಬ್ರಿಟಿಷ್ ನಾವಿಕನಿಗೆ ಕಾನೂನಿನ ಪ್ರಕಾರ 72 ಘನ ಅಡಿ ಜಾಗ, ಲಸ್ಕರನಿಗೆ 36. ಕಂಪನಿಗಳು ಇವರನ್ನು ಯಾಕೆ ಅಷ್ಟು ಇಷ್ಟಪಟ್ಟವು ಎಂದು ಬೇರೆ ಹೇಳಬೇಕಾ? 1914ರ ಹೊತ್ತಿಗೆ ಬ್ರಿಟಿಷ್ ಹಡಗುಗಳಲ್ಲಿ 51 ಸಾವಿರಕ್ಕೂ ಹೆಚ್ಚು ಲಸ್ಕರರು ಇದ್ದರು, ಆರು ಜನ ನಾವಿಕರಲ್ಲಿ ಒಬ್ಬ.

ನೀವು ಪ್ರಬಂಧ ಬರೆಯುವುದಾದರೆ ಒಂದು ಅಂಶ ಮರೆಯಬೇಡಿ. ಲಸ್ಕರರ ಕರಾರೇ ಬೇರೆ ಇತ್ತು. ಅದರ ಪ್ರಕಾರ ಅವರನ್ನು ಭಾರತದ ಬಂದರಿಗೆ ವಾಪಸು ತಂದೇ ಬಿಡುಗಡೆ ಮಾಡಬೇಕು. ಕೇಳಲು ದಯೆಯ ಹಾಗೆ ಇದೆ. ಆದರೆ ಬಾಕಿ ಪಗಾರ ಕೈಗೆ ಬರುವುದೂ ಇಲ್ಲಿಗೆ ಬಂದ ಮೇಲೆಯೇ. ಲಂಡನ್ನಿನಲ್ಲಿ ಇಳಿದು ಜಾಸ್ತಿ ಪಗಾರದ ಹಡಗು ಹುಡುಕುವ ಹಾಗಿಲ್ಲ. ಓಡಿಹೋದರೆ ದುಡಿದದ್ದೆಲ್ಲ ಮುಟ್ಟುಗೋಲು. ಪಗಾರ ತಡೆಹಿಡಿಯುವುದು ಅಂದರೆ ಇದು. ಯಾವ ಗುಮಾಸ್ತನ ಡಬ್ಬಿಯೂ ಇದರ ಮುಂದೆ ಏನಲ್ಲ. 1939ರಲ್ಲಿ ಯುದ್ಧ ಶುರುವಾದಾಗ ಲಸ್ಕರರು ಹಲವು ಬಂದರುಗಳಲ್ಲಿ, ಪಗಾರ ಏರಿಸದಿದ್ದರೆ ಹಡಗು ಹತ್ತುವುದಿಲ್ಲ ಎಂದು ಕೂತರು. ನೂರಾರು ಮಂದಿಯನ್ನು ಜೈಲಿಗೆ ಹಾಕಿದರು. ಕೊನೆಗೆ ಪಗಾರ ಏರಿಸಬೇಕಾಯಿತು.

ಪ್ರಶ್ನೆ: ತಿಂಗಳುಗಟ್ಟಲೆ ಸಮುದ್ರದಲ್ಲಿ ಇವರು ಏನು ತಿನ್ನುತ್ತಿದ್ದರು?
(ಗೃಹಿಣಿ, ಶಿರಸಿ)

ಉತ್ತರ: ಅಕ್ಕಿ, ಬೇಳೆ, ತುಪ್ಪ, ಉಪ್ಪು, ಹುಣಸೆ, ಮಸಾಲೆ. ಇವೆಲ್ಲ ಕರಾರಿನ ಪಟ್ಟಿಯಲ್ಲೇ ಬರೆದಿರುತ್ತಿತ್ತು, ತಲೆಗೆ ಇಷ್ಟು ಅಂತ. ತೂಕ ಸರಿ ಬರುತ್ತಿತ್ತಾ ಅನ್ನುವುದು ಬೇರೆ ಮಾತು. ಹಪ್ಪಳ ಪಟ್ಟಿಯಲ್ಲಿ ಇರಲಿಲ್ಲ ಅಕ್ಕಾ, ಅದನ್ನು ಮನೆಯಿಂದಲೇ ಕಟ್ಟಿ ಕಳಿಸಬೇಕು.

ಪ್ರಶ್ನೆ: ನಮ್ಮ ದೊಡ್ಡಜ್ಜ ಎರಡನೇ ಮಹಾಯುದ್ಧದಲ್ಲಿ ಹಡಗು ಮುಳುಗಿ ತೀರಿಕೊಂಡರು. ಪಗಾರವೂ ಬರಲಿಲ್ಲ, ಕಾಗದವೂ ಬರಲಿಲ್ಲ. ಹಡಗಿನ ಹೆಸರು ಗೊತ್ತಿಲ್ಲ. ಅವರ ಹೆಸರು ಎಲ್ಲಾದರೂ ದಾಖಲಾಗಿರುತ್ತದೆಯೇ?
(ಬ್ಯಾಂಕ್ ಉದ್ಯೋಗಿ, ಕುಂದಾಪುರ)

ಉತ್ತರ: ದಾಖಲಾಗಿರುವ ಸಾಧ್ಯತೆ ಇದೆ. ಮುಂಬೈಯಲ್ಲಿ ಮಸ್ಜಿದ್ ಬಂದರ್ ಹತ್ತಿರ ಇಂಡಿಯನ್ ಸೇಲರ್ಸ್ ಹೋಮ್ ಎಂಬ ಕಟ್ಟಡ ಇದೆ. ಸಮುದ್ರವೇ ಸಮಾಧಿಯಾದ ನಾವಿಕರ ಸ್ಮಾರಕ ಅಲ್ಲಿದೆ. ಮೊದಲ ಯುದ್ಧದವರು ಎರಡು ಸಾವಿರಕ್ಕೂ ಹೆಚ್ಚು, ಎರಡನೆಯದರವರು ಸುಮಾರು 6,500. ಎರಡನೆಯ ಪಟ್ಟಿಯ ಇನ್ನೊಂದು ಪ್ರತಿ ಬಾಂಗ್ಲಾದೇಶದ ಚಿತ್ತಗಾಂಗಿನ ಯುದ್ಧ ಸಮಾಧಿ ಸ್ಥಳದಲ್ಲಿದೆ. ಅಷ್ಟು ದೂರ ಹೋಗುವುದು ಬೇಡ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಬಹುದು, ದುಡ್ಡು ಕೊಡಬೇಕಾಗಿಲ್ಲ.

ಆದರೆ ಹೆಸರು ಹೇಗೆ ಹಾಕುತ್ತೀರಿ? ಇಲ್ಲಿ ನಮ್ಮ ಜಾತಿಯ ತಪ್ಪು ಇದೆ. ಗುಮಾಸ್ತರ ಜಾತಿ ಅಂದೆ.

ಖಲಾಸಿ ಬಾಯಲ್ಲಿ ಹೆಸರು ಹೇಳುತ್ತಾನೆ. ಗುಮಾಸ್ತ ಇಂಗ್ಲಿಷಿನಲ್ಲಿ ಬರೆಯುತ್ತಾನೆ. ಹಸನ್ ಒಂದು ಹಡಗಿನಲ್ಲಿ ಹುಸೇನ್, ಇನ್ನೊಂದರಲ್ಲಿ ಅಸ್ಸನ್. ಮಂಜುನಾಥ ಮುಂಜೂ ಆಗುತ್ತಾನೆ, ಮುಂದಿನ ಸಲ ಮಾಂಜಾ. ಅಪ್ಪನ ಹೆಸರು ಅಡ್ಡಹೆಸರಾಗುತ್ತದೆ, ಅಡ್ಡಹೆಸರು ಮಾಯವಾಗುತ್ತದೆ. ಊರಿನ ಕಥೆಯೂ ಇದೇ. ಹಳೆಯ ಇಂಗ್ಲಿಷ್ ಕಾಗದಗಳಲ್ಲಿ ಹೊನ್ನಾವರ ಅಂದರೆ ಓನೋರ್. ನಿಮ್ಮ ಕುಂದಾಪುರ ಕೂಂಡಾಪೂರ್. ಹಳ್ಳಿಯ ಹೆಸರನ್ನಂತೂ ಕೇಳಬೇಡಿ. ಹಿಂದೆ ನೂರು ಜನ ನಿಂತಿರುವಾಗ ಗುಮಾಸ್ತ ಕಿವಿಗೆ ಬಿದ್ದದ್ದನ್ನು ಬರೆದು 'ಮುಂದೆ' ಅನ್ನುತ್ತಾನೆ. ನಾನೂ ಹಾಗೆ ಬರೆದಿದ್ದೇನೆ. 1971ರಲ್ಲಿ, ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಬ್ಬ ಭಂಡಾರಿಯ ಅಪ್ಪನ ಹೆಸರನ್ನೇ ಅವನ ಹೆಸರು ಎಂದು ಬರೆದುಬಿಟ್ಟೆ. ಅವನಿಗೆ ಓದಲು ಬರುತ್ತಿರಲಿಲ್ಲ. ಎಂಟು ವರ್ಷ ಅವನು ಸಮುದ್ರದ ಮೇಲೆ ಅಪ್ಪನಾಗಿಯೇ ಓಡಾಡಿದ. ಬದುಕಿದ್ದ, ಆದ್ದರಿಂದ ಸರಿ ಮಾಡಿಸಿದೆವು.

ಸತ್ತವನದಾದರೆ? ಕಾಯ್ದೆ ಪ್ರಕಾರ ಸತ್ತ ನಾವಿಕನ ಪಗಾರ, ಪೆಟ್ಟಿಗೆ, ಬಟ್ಟೆ ಎಲ್ಲ ಷಿಪ್ಪಿಂಗ್ ಮಾಸ್ಟರ್ ಕಚೇರಿಗೆ ಬರಬೇಕು. ಅಲ್ಲಿಂದ ವಾರಸುದಾರರಿಗೆ. ಹೆಂಡತಿ ಒಂದು ಹೆಸರು ಹೇಳುತ್ತಾಳೆ, ಪುಸ್ತಕದಲ್ಲಿ ಇನ್ನೊಂದು ಇದೆ. ಅವಳ ಊರು ಯಾವ ನಕಾಶೆಯಲ್ಲೂ ಇಲ್ಲ. ಕಾಗದ ಬರೆದರೆ ಟಪಾಲಿನವನು ತಿರುಗಿ ತರುತ್ತಾನೆ. ಹಣ ಅಲ್ಲೇ ಕೂರುತ್ತದೆ, ಕೊನೆಗೆ ಸರ್ಕಾರದ ಖಾತೆಗೆ ಹೋಗುತ್ತದೆ. ಯಾರೂ ಕದ್ದಿಲ್ಲ. ಆದರೂ ಆ ಮನೆಗೆ ಬಿಡಿಗಾಸು ಬರಲಿಲ್ಲ. ನಮ್ಮಜ್ಜನ ತಂಬಾಕಿನ ಡಬ್ಬಿಗಿಂತ ಈ ತಪ್ಪು ನನಗೆ ಜಾಸ್ತಿ ಚುಚ್ಚುತ್ತದೆ.

ಇನ್ನೊಂದು ಹಳೆಯ ಪದ್ಧತಿಯೂ ಇತ್ತು. ಹಡಗು ಬಾಡಿಗೆ ಗಳಿಸಿದರೆ ಮಾತ್ರ ನಾವಿಕನಿಗೆ ಪಗಾರ, ಮುಳುಗಿದರೆ ಆ ಪ್ರಯಾಣದ್ದು ಪೂರಾ ನಷ್ಟ. ಇಂಗ್ಲೆಂಡಿನಲ್ಲಿ 1854ರಲ್ಲಿ ಅದನ್ನು ತೆಗೆದರು. ಆಮೇಲೂ ಪಗಾರದ ಗಡಿಯಾರ ಹಡಗು ಮುಳುಗಿದ ಗಳಿಗೆಗೆ ನಿಲ್ಲುತ್ತಿತ್ತು. 1912ರಲ್ಲಿ ಟೈಟಾನಿಕ್ ಮುಳುಗಿದಾಗ ಬದುಕಿ ಬಂದ ಸಿಬ್ಬಂದಿಯ ಪಗಾರವೂ ಏಪ್ರಿಲ್ 15ಕ್ಕೇ ನಿಂತಿತು. ಎಷ್ಟು ದೊಡ್ಡ ಹಡಗು, ಎಷ್ಟು ಶ್ರೀಮಂತ ಕಂಪನಿ! 1920ರ ಅದೇ ಜಿನೋವಾ ಸಮ್ಮೇಳನದಲ್ಲಿ, ಹಡಗು ಒಡೆದರೆ ಕೆಲಸ ಇಲ್ಲದ ದಿನಗಳಿಗೂ ಎರಡು ತಿಂಗಳ ತನಕ ಪಗಾರ ಕೊಡಿ ಎಂಬ ಒಪ್ಪಂದ ಆಯಿತು.

ನಿಮಗೆ ನನ್ನ ಸಲಹೆ: ದೊಡ್ಡಜ್ಜನ ಹೆಸರನ್ನು ಏಳೆಂಟು ತರ ತಪ್ಪಾಗಿ ಬರೆದುಕೊಳ್ಳಿ. ಇಂಗ್ಲಿಷ್ ಬಾರದ ಒಬ್ಬರಿಂದ ಹೇಳಿಸಿ, ಕನ್ನಡ ಬಾರದ ಒಬ್ಬರಿಂದ ಬರೆಸಿದರೆ ಇನ್ನೂ ಒಳ್ಳೆಯದು. ಒಂದೊಂದನ್ನೇ ಹಾಕಿ ಹುಡುಕಿ. ಅವರ ಅಪ್ಪನ ಹೆಸರನ್ನೂ ಹಾಕಿ ನೋಡಿ.

ಪ್ರಶ್ನೆ: ನಾನು ಸರಕು ಹಡಗಿನಲ್ಲಿ ಕೆಲಸಕ್ಕಿದ್ದೇನೆ. ಮೂರು ತಿಂಗಳಿಂದ ಪಗಾರ ಬಂದಿಲ್ಲ. "ಬರುತ್ತೆ, ಬರುತ್ತೆ" ಅನ್ನುತ್ತಾರೆ. ಹಳೆಯ ಕಥೆ ಬಿಡಿ ಅಂಕಲ್, ಈಗ ಏನು ಮಾಡಲಿ?
(ಯುವ ನಾವಿಕ, ಮಂಗಳೂರು. ಪತ್ರ ಬಂದದ್ದು ಹಡಗಿನಿಂದಲೇ)

ಉತ್ತರ: ಬಿಟ್ಟೆ ಮಗಾ. ಮೂರು ತಿಂಗಳು ಜಾಸ್ತಿಯೇ ಆಯಿತು. ಈಗ ನಾವಿಕರ ದುಡಿಮೆಯ ಬಗ್ಗೆ ಎಂಎಲ್‌ಸಿ 2006 ಎಂಬ ಅಂತರರಾಷ್ಟ್ರೀಯ ಒಪ್ಪಂದ ಇದೆ. ಭಾರತ 2015ರಲ್ಲಿ ಸೇರಿದೆ. ಅದರ ಪ್ರಕಾರ ತಿಂಗಳಿಗೊಮ್ಮೆಯಾದರೂ ಪಗಾರ ಆಗಬೇಕು, ಲೆಕ್ಕದ ಚೀಟಿ ಕೊಡಬೇಕು. ಎರಡು ತಿಂಗಳು ಪಗಾರ ಕೊಡದಿದ್ದರೆ ನಾವಿಕನನ್ನು ಕೈಬಿಟ್ಟಂತೆ ಎಂದು ಹಿಡಿಯಬಹುದು. ಆಗ ವಿಮೆಯವರು ನಾಲ್ಕು ತಿಂಗಳ ತನಕದ ಬಾಕಿ ಪಗಾರ ಮತ್ತು ಮನೆಗೆ ಬರುವ ಖರ್ಚು ಕೊಡಬೇಕು. ಆ ವಿಮೆಯ ಸರ್ಟಿಫಿಕೇಟನ್ನು ಹಡಗಿನಲ್ಲಿ ಎಲ್ಲರಿಗೂ ಕಾಣುವ ಕಡೆ ಅಂಟಿಸಿರಬೇಕು. ಊಟದ ಕೋಣೆಯ ಗೋಡೆ ನೋಡು. ಇದ್ದರೆ ಫೋಟೊ ತೆಗೆ, ವಿಮೆಯವರ ವಿಳಾಸ ಅದರಲ್ಲೇ ಇರುತ್ತದೆ.

ನಿನ್ನನ್ನು ಕಳಿಸಿದ ಏಜೆಂಟನಿಗೆ ಆರ್‌ಪಿಎಸ್‌ಎಲ್, ಅಂದರೆ ನಾವಿಕರನ್ನು ಕೆಲಸಕ್ಕೆ ಸೇರಿಸುವ ಸರ್ಕಾರಿ ಪರವಾನಗಿ ಇದೆಯಾ? ಇದ್ದರೆ ಮುಂಬೈಯ ಡಿಜಿ ಷಿಪ್ಪಿಂಗ್ ಎಂಬ ಸರ್ಕಾರಿ ಹಡಗು ಇಲಾಖೆಗೆ ಈಮೇಲ್ ದೂರು ಕೊಡು. ಕೆಲಸ ಕೊಡಿಸಲು ಅವನು ನಿನ್ನಿಂದ ದುಡ್ಡು ತೆಗೆದುಕೊಂಡಿದ್ದರೆ ಅದನ್ನೂ ಬರೆ. ಆ ಪರವಾನಗಿ ಇರುವವನು ನಾವಿಕನಿಂದ ಫೀಸು ತೆಗೆದುಕೊಳ್ಳುವ ಹಾಗಿಲ್ಲ. ಘಾಟ್ ಸಾರಂಗ ಈಗ ಎಸಿ ಆಫೀಸಿನಲ್ಲಿ ಕೂರುತ್ತಾನೆ, ಅಷ್ಟೇ ವ್ಯತ್ಯಾಸ.

ಹಡಗು ಮಂಗಳೂರಿಗೋ ಕಾರವಾರಕ್ಕೋ ಬರುವುದಿದೆಯಾ? ಹಾಗಾದರೆ ಒಳ್ಳೆಯದು. ಮೊದಲು ಇಂಥ ಕೇಸಿಗೆ ಮುಂಬೈ, ಮದ್ರಾಸ್, ಕಲ್ಕತ್ತೆಗೇ ಓಡಬೇಕಿತ್ತು. 2017ರ ಅಡ್ಮಿರಾಲ್ಟಿ (ಹಡಗು ವ್ಯಾಜ್ಯಗಳ) ಕಾಯ್ದೆಯಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿಗೂ ಆ ಅಧಿಕಾರ ಬಂದಿದೆ. ನಾವಿಕನ ಪಗಾರ ಹಡಗಿನ ಮೇಲೆಯೇ ಕೂತ ಸಾಲ. ಮಾಲಿಕ ಬದಲಾದರೂ ಹೋಗುವುದಿಲ್ಲ. ಕೋರ್ಟು ಹಡಗನ್ನೇ ಬಂಧಿಸಬಹುದು. ಪಗಾರ ಬಾಕಿಯಾದ ದಿನದಿಂದ ಎರಡು ವರ್ಷದ ಒಳಗೆ ಹೋಗಬೇಕು, ಅದನ್ನು ನೆನಪಿಡು. ವಕೀಲರ ಖರ್ಚಿಗೆ ಹೆದರಿದರೆ ನಾವಿಕರ ಸಂಘದವರನ್ನು ಮೊದಲು ಕೇಳು.

ಕೊನೆಯದಾಗಿ, ಇಳಿಯುವ ದಿನ ಕಪ್ತಾನ ಒಂದು ಕಾಗದ ಮುಂದೆ ಇಡುತ್ತಾನೆ. "ನನ್ನ ಪಗಾರ ಪೂರ್ತಿ ಮುಟ್ಟಿದೆ" ಎಂದು ಟೈಪ್ ಆಗಿರುತ್ತದೆ. ವಿಮಾನದ ಟಿಕೆಟ್ ಅದರ ಪಕ್ಕದಲ್ಲೇ ಇಟ್ಟಿರುತ್ತಾನೆ. ದುಡ್ಡು ಅಕೌಂಟಿಗೆ ಬಂದದ್ದನ್ನು ಮೊಬೈಲಿನಲ್ಲಿ ನೋಡುವ ತನಕ ರುಜು ಹಾಕಬೇಡ. ಹಾಕಲೇಬೇಕಾಗಿ ಬಂದರೆ, ಎಷ್ಟು ತಿಂಗಳದ್ದು ಬಾಕಿ ಎಂದು ನಿನ್ನ ಕೈಯಲ್ಲೇ ಅದರ ಮೇಲೆ ಬರೆದು ರುಜು ಹಾಕು. ಫೋಟೊ ತೆಗೆದು ಅವತ್ತೇ ಅಮ್ಮನಿಗೆ ವಾಟ್ಸಾಪ್ ಮಾಡು.